ಬೆರೆತದ್ದೋ, ಬೆರೆಸಿದ್ದೋ

ಮೈಸೂರಿನಲ್ಲಿ ನಾವಿದ್ದ ಬೀದಿಯ ತುದಿಗೆ ಒಂದು ಕಾಫಿಪುಡಿ ಅಂಗಡಿ ಇತ್ತು. ಹುರಿದ ಬೀಜದ ಘಮ ಅರ್ಧ ಬೀದಿಗೆ ಬಂದು ನಮ್ಮನ್ನು ಎದುರುಗೊಳ್ಳುತ್ತಿತ್ತು. ಅಪ್ಪ ಅರ್ಧ ಕೆ.ಜಿ. ಎನ್ನುತ್ತಿದ್ದಂತೆ ಅಂಗಡಿಯ ಯಜಮಾನರು ತಕ್ಕಡಿಯಿಂದ ತಲೆಯೆತ್ತಿ, "ಚಿಕೋರಿ ಎಷ್ಟು ಹಾಕ್ಲಿ ಸ್ವಾಮಿ?" ಎಂದು ಕೇಳುತ್ತಿದ್ದರು. "ಇಪ್ಪತ್ತು ಪರ್ಸೆಂಟ್ ಹಾಕಿ" ಅಂತ ಅಪ್ಪ. ನೆಂಟರು ಬರುವ ವಾರ ಮಾತ್ರ, "ಈ ಸಲ ಬರೀ ಕಾಫಿ ಕೊಡಿ." ಎರಡು ಡಬ್ಬಗಳಿಂದ ಎರಡು ಪುಡಿ ನಮ್ಮ ಕಣ್ಣೆದುರಿಗೇ ತೂಗಿ, ನಮ್ಮ ಕಣ್ಣೆದುರಿಗೇ ಬೆರೆಸಿ ಪೊಟ್ಟಣ ಕಟ್ಟುತ್ತಿದ್ದರು.

ಮುಂದೆ ನಾನು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸೇರಿದೆ. ‘ಅಡಲ್ಟರೇಟ್’ ಎಂಬ ಕ್ರಿಯಾಪದ ಮೇಜಿಗೆ ಬಂದಾಗಲೆಲ್ಲ ನೆನಪಾಗುವುದು ಆ ಯಜಮಾನರ ಪ್ರಶ್ನೆ. ಅದೇ ಚಿಕೋರಿ, ಅದೇ ಇಪ್ಪತ್ತು ಪಾಲು. ಕೇಳಿ ಹಾಕಿದರೆ ಅದು ನಮ್ಮ ಮನೆಯ ರುಚಿ. ಕೇಳದೆ, ಹೇಳದೆ ಹಾಕಿ ಪೂರ್ತಿ ಕಾಫಿಯ ದುಡ್ಡು ಎಣಿಸಿಕೊಂಡರೆ ಇಂಗ್ಲಿಷಿನವರು ಅದಕ್ಕೆ ಅಡಲ್ಟರೇಟ್ ಎನ್ನುತ್ತಾರೆ. ಡಬ್ಬದೊಳಗಿನ ಪುಡಿಯಲ್ಲಿ ಕಾಳಷ್ಟೂ ವ್ಯತ್ಯಾಸವಿಲ್ಲ.

ನಿಘಂಟು ತೆರೆದರೆ ಇದಕ್ಕೆ ‘ಕಲಬೆರಕೆ ಮಾಡು’, ‘ಕಲುಷಿತಗೊಳಿಸು’, ‘ಅಶುದ್ಧಗೊಳಿಸು’ ಎಂಬ ಅರ್ಥಗಳು ಸಾಲಾಗಿ ಸಿಗುತ್ತವೆ. ಮೂರನ್ನೂ ಒಂದೇ ತಟ್ಟೆಯಲ್ಲಿ ಬಡಿಸಿರುವುದೇ ತೊಂದರೆ. ಹಾಸ್ಟೆಲಿನ ಸಾಂಬಾರಿಗೆ ಹಲ್ಲಿ ಬಿತ್ತು ಎನ್ನಿ. ಸಾಂಬಾರು ಕೆಟ್ಟಿತು, ಮಕ್ಕಳು ವಾಂತಿ ಮಾಡಿಕೊಂಡರು, ಆದರೂ ಅಲ್ಲಿ ಅಡಲ್ಟರೇಟ್ ಎಂದು ಯಾರೂ ಬರೆಯುವುದಿಲ್ಲ. ಅದು ‘ಕಂಟ್ಯಾಮಿನೇಟ್’. ಆ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದು ‘ಮುಟ್ಟು’ ಎಂಬ ಧಾತು. ತಗುಲಬಾರದ್ದು ತಗುಲಿತು, ಅಷ್ಟೆ. ನಮ್ಮ ‘ಎಂಜಲು’ ಇದಕ್ಕೆ ಹತ್ತಿರದ ನೆಂಟ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡಿಗೂ ಇದೇ ಕ್ರಿಯಾಪದ ಸಲ್ಲುತ್ತದೆ. ನೆಲದಡಿಯ ಬಂಡೆಯೇ ಅದನ್ನು ಬಿಟ್ಟುಕೊಡುತ್ತಿದೆ; ಕಟಕಟೆಗೆ ತಂದು ನಿಲ್ಲಿಸಲು ಯಾರೂ ಇಲ್ಲ. ಬೆಳ್ಳಂದೂರು ಕೆರೆ ನೊರೆಯುಕ್ಕಿಸಿದರೆ ‘ಪೊಲ್ಯೂಟ್’. ‘ಡಿಫೈಲ್’ ಎಂಬುದರಲ್ಲಿ ಹಳೆಯ ಫ್ರೆಂಚಿನ ‘ತುಳಿ’ ಎಂಬ ಅರ್ಥ ಉಳಿದುಕೊಂಡಿದೆ. ಗುಡಿ, ಗೋರಿಗಳಂಥ ಜಾಗಗಳಿಗೆ ಅದು ಸರಿ. ‘ಡೈಲ್ಯೂಟ್’ ಎಂದರೆ ತೆಳುವಾಗಿಸು. ಮಜ್ಜಿಗೆಗೆ ಅಮ್ಮ ನೀರು ಹೊಯ್ದಂತೆ, ಅದರಲ್ಲಿ ದೋಷವಿಲ್ಲ.

ಅಡಲ್ಟರೇಟ್‌ಗೆ ಮಾತ್ರ ಒಬ್ಬ ಕರ್ತೃ ಬೇಕೇ ಬೇಕು. ವಾಕ್ಯದ ಅಚ್ಚು ಹೀಗೆ: ಇಂಥವನು, ಇಂಥ ಪದಾರ್ಥವನ್ನು, ಇಂಥದ್ದರಿಂದ. ಕೊನೆಯ ‘ಇಂಥದ್ದರಿಂದ’ ಎಂಬಲ್ಲಿ ಇಂಗ್ಲಿಷ್ ‘ವಿತ್’ ಎಂಬ ಪುಟ್ಟ ಪದ ಹಾಕುತ್ತದೆ. ಹಾಲನ್ನು ನೀರಿನಿಂದ, ಅರಿಶಿನವನ್ನು ಸೀಸದ ಹಳದಿ ಬಣ್ಣದಿಂದ. ಸೇರಿಸಿದ್ದು ಮೂಲಕ್ಕಿಂತ ಅಗ್ಗವಾಗಿರಬೇಕು, ಮೂಲದ ಹಾಗೆ ಕಾಣಬೇಕು. ಉಚ್ಚರಿಸುವಾಗ ಒತ್ತು ಎರಡನೆಯ ‘ಡಲ್’ ಮೇಲೆ ಬೀಳುತ್ತದೆ. ಬೆರೆಸುವ ವಸ್ತು ‘ಅಡಲ್ಟರೆಂಟ್’. ಏನೂ ಬೆರೆಸದ್ದು ‘ಅನ್‌ಅಡಲ್ಟರೇಟೆಡ್’. ಈ ಕೊನೆಯದು ದಿನಸಿ ಅಂಗಡಿ ಬಿಟ್ಟು ಬಹಳ ದೂರ ಬಂದಿದೆ. ಸಂತೋಷಕ್ಕೂ ಅದೇ ವಿಶೇಷಣ, ಶುದ್ಧ ಅವಿವೇಕಕ್ಕೂ ಅದೇ. ನಮ್ಮ ‘ಅಪ್ಪಟ’ ಕೂಡ ಇದೇ ದಾರಿಯಲ್ಲಿ ನಡೆದಿದೆ. ಅಪ್ಪಟ ಚಿನ್ನ ಎಂದ ಬಾಯಲ್ಲೇ ಅಪ್ಪಟ ಸುಳ್ಳು ಎಂದೂ ಹೇಳುತ್ತೇವೆ.

ಚಿನ್ನದ ಮಾತು ಬಂದಿದ್ದರಿಂದ ಇನ್ನೊಂದು. 916 ಎಂಬ ಅಂಕಿ ಇರುವ ಬಳೆಯಲ್ಲಿ ಸಾವಿರಕ್ಕೆ 916 ಪಾಲು ಮಾತ್ರ ಚಿನ್ನ. ಉಳಿದದ್ದು ತಾಮ್ರದಂಥ ಬೇರೆ ಲೋಹ. ಅಕ್ಕಸಾಲಿಗ ಬೆರೆಸಿಯೇ ಇದ್ದಾನೆ. ಎಷ್ಟು ಬೆರೆಸಿದ್ದಾನೆಂದು ಬಳೆಯ ಒಳಮೈಯಲ್ಲಿ ಮುದ್ರೆ ಒತ್ತಿರುವುದರಿಂದ ಆ ಕ್ರಿಯಾಪದ ಅವನ ಹತ್ತಿರ ಸುಳಿಯುವುದಿಲ್ಲ.

ಪದದ ಹುಟ್ಟು ಹುಡುಕಿಕೊಂಡು ಹೋದರೆ ಮಲಗುವ ಮನೆ ಸಿಗುತ್ತದೆ. ಲ್ಯಾಟಿನ್ನಿನ ‘ಅಡುಲ್ಟೆರಾರೆ’ ಎಂಬುದಕ್ಕೆ ಕೆಡಿಸು, ನಕಲಿ ಮಾಡು ಎಂಬ ಅರ್ಥದ ಜೊತೆಗೆ ಹಾದರ ಮಾಡು ಎಂಬ ಅರ್ಥವೂ ಇತ್ತು. ‘ಆಲ್ಟರ್’, ಎಂದರೆ ‘ಬೇರೆಯದು’, ‘ಇನ್ನೊಬ್ಬರು’ ಎಂಬ ಪದ ಅದರೊಳಗೆ ಕೂತಿದೆ. ಹಾಲಿಗೆ ನೀರು ಸೇರುವುದೂ ದಾಂಪತ್ಯದೊಳಕ್ಕೆ ಮೂರನೆಯವರು ಬರುವುದೂ ರೋಮನರಿಗೆ ಒಂದೇ ಕ್ರಿಯಾಪದ. ಇಂಗ್ಲಿಷಿನ ‘ಅಡಲ್ಟರಿ’ಯೂ ಹುಟ್ಟಿದ್ದು ಅಲ್ಲಿಂದಲೇ. ‘ವಯಸ್ಕ’ ಎಂಬರ್ಥದ ‘ಅಡಲ್ಟ್’ ಮಾತ್ರ ಈ ವಂಶದ್ದಲ್ಲ. ಅದು ‘ಬೆಳೆ’ ಎಂಬ ಬೇರೆಯೇ ಧಾತುವಿನ ಮಗು. ಅಕ್ಷರ ಹೋಲುತ್ತದೆಂದು ಸಂಬಂಧ ಕಟ್ಟುವವರು ಬಹಳ ಮಂದಿ.

ಕನ್ನಡದಲ್ಲಿ ‘ಬೆರಕೆ’ ಎಂಬ ಪದಕ್ಕೂ ಇಂಥದೇ ಎರಡು ಮುಖ. ಮೊದಲ ಮಳೆ ಬಿದ್ದ ಮೇಲೆ ಮಂಡ್ಯ, ಹಾಸನ, ತುಮಕೂರಿನ ಹೊಲದ ಬದುಗಳಲ್ಲಿ ಹೆಂಗಸರು ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ ಎಂದು ಒಂದೊಂದೇ ಚಿಗುರು ಚಿವುಟಿ ಮಡಿಲು ತುಂಬಿಕೊಳ್ಳುತ್ತಾರೆ. ಅದು ಬೆರಕೆ ಸೊಪ್ಪು. ಬಿಸಿ ಮುದ್ದೆಯ ಜೊತೆ ಬೆರಕೆ ಸೊಪ್ಪಿನ ಸಾರು ಉಂಡವರಿಗೆ ಬೆರಕೆ ಎಂಬುದು ಎಷ್ಟು ಸವಿಯಾದ ಮಾತೆಂದು ಗೊತ್ತು. ಅದೇ ಊರಿನಲ್ಲಿ, ಅದೇ ನಾಲಿಗೆ, ಜಗಳಕ್ಕೆ ನಿಂತಾಗ ‘ಬೆರಕೆ’ ಎಂದು ಇನ್ನೊಬ್ಬರ ಹುಟ್ಟನ್ನು ಹೀಯಾಳಿಸುತ್ತದೆ. ಸೊಪ್ಪಿಗೆ ಹೊಗಳಿಕೆಯಾದದ್ದು ಮನುಷ್ಯರಿಗೆ ಬೈಗುಳವಾದದ್ದು ಹೇಗೆಂದು ಯೋಚಿಸಿದಾಗಲೆಲ್ಲ ನನಗೆ ನೋವಾಗುತ್ತದೆ. ರೋಮನರ ಕ್ರಿಯಾಪದದ ಹಿಂದಿರುವುದೂ ಇದೇ ಅನುಮಾನ: ಬಂದದ್ದು ಯಾರ ರಕ್ತ, ಯಾರ ಬೀಜ?

ಆದರೆ ಆ ರೋಮನರು ಈ ಕ್ರಿಯಾಪದವನ್ನು ಪೇಟೆಗೂ ಒಯ್ದರು, ಅಲ್ಲಿ ನಮ್ಮ ಕಡೆಯ ಒಂದು ಪದಾರ್ಥ ಅದಕ್ಕೆ ಸಿಕ್ಕಿತು. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದ ಹಡಗೇರಿ ಬರುತ್ತಿದ್ದ ಕರಿಮೆಣಸಿನ ಬಗ್ಗೆ ಬರೆಯುತ್ತಾನೆ. ಜೂನಿಪರ್ ಎಂಬ ಗಿಡದ ಒಣಗಿದ ಹಣ್ಣುಗಳನ್ನು ಅದಕ್ಕೆ ಬೆರೆಸುತ್ತಾರೆ, ಅವು ಮೆಣಸಿನ ಜೊತೆಗಿದ್ದು ಅದರ ಖಾರವನ್ನೇ ಹೀರಿಕೊಂಡುಬಿಡುತ್ತವೆ ಎನ್ನುತ್ತಾನೆ. ಎರಡು ಸಾವಿರ ವರ್ಷ ಕಳೆದರೂ ಅದೇ ಮೆಣಸಿಗೆ ಅದೇ ಕಾಟ. ಈಗ ಬೆರೆಸುವುದು ಪರಂಗಿ ಬೀಜ. ಒಣಗಿದಾಗ ಸುಕ್ಕು ಸುಕ್ಕಾಗಿ, ಕಪ್ಪಗೆ, ಸರಿಸುಮಾರು ಮೆಣಸಿನ ಗಾತ್ರ. ಅಮೆರಿಕ ಖಂಡದಿಂದ ಪರಂಗಿ ಹಣ್ಣು ಇಲ್ಲಿಗೆ ಬರುವವರೆಗೆ ಆ ಉಪಾಯ ಯಾರಿಗೂ ಹೊಳೆದಿರಲಾರದು.

ಹೋಲುವ ವಸ್ತುವನ್ನೇ ಹುಡುಕಿ ತರುವುದು ಈ ಕಸುಬಿನ ಜೀವಾಳ. ಇದನ್ನು ಕೌಟಿಲ್ಯ ಬಲು ಸರಿಯಾಗಿ ಹಿಡಿದಿದ್ದ. ಧಾನ್ಯ, ಎಣ್ಣೆ, ಕ್ಷಾರ, ಉಪ್ಪು, ಸುಗಂಧ, ಔಷಧಗಳಿಗೆ ‘ಸಮವರ್ಣ’ದ, ಅಂದರೆ ಒಂದೇ ಬಣ್ಣದ ವಸ್ತು ಸೇರಿಸಿದವನಿಗೆ 12 ಪಣ ದಂಡ ಎಂದು ಅರ್ಥಶಾಸ್ತ್ರ ವಿಧಿಸುತ್ತದೆ. ಕೊಳಕು ಸೇರಿಸಿದವನಿಗೆ ಎನ್ನಲಿಲ್ಲ, ವಿಷ ಸೇರಿಸಿದವನಿಗೆ ಎನ್ನಲಿಲ್ಲ. ಬಣ್ಣ ಹೊಂದಿಸಿದವನಿಗೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳು. 1915ರಲ್ಲಿ ಅವರೇ ಇಂಗ್ಲಿಷಿಗೆ ತಂದಾಗ ಈ ಜಾಗದಲ್ಲಿ ಆಯ್ದುಕೊಂಡದ್ದು ‘ಅಡಲ್ಟರೇಶನ್’ ಎಂಬ ಪದವನ್ನು. ಅನುವಾದದ ಕೆಲಸ ಮಾಡುವ ನನಗೆ ಆ ಆಯ್ಕೆ ಕಂಡರೆ ಕೈಮುಗಿಯುವ ಹಾಗಾಗುತ್ತದೆ. ಸಮವರ್ಣ ಎಂಬುದರ ಬಣ್ಣ ಇಂಗ್ಲಿಷಿನಲ್ಲಿ ಕಳೆಯಿತು, ಮೋಸ ಮಾತ್ರ ಕಳೆಯಲಿಲ್ಲ.

ಈ ಪದ ಇಂಗ್ಲಿಷಿನ ಮನೆಮಾತಾದದ್ದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. 1820ರಲ್ಲಿ ಫ್ರೆಡರಿಕ್ ಅಕ್ಕುಮ್ ಎಂಬ ಜರ್ಮನ್ ಮೂಲದ ರಸಾಯನಶಾಸ್ತ್ರಜ್ಞ ಆಹಾರದ ಕಲಬೆರಕೆ ಕುರಿತೇ ಒಂದು ಪುಸ್ತಕ ಬರೆದ. ತಾಮ್ರದಿಂದ ಹಸಿರೇರಿಸಿದ ಉಪ್ಪಿನಕಾಯಿ, ಟೀ ಪುಡಿಯ ಹೆಸರಿನಲ್ಲಿ ಮಾರುವ ಬೇಲಿಗಿಡದ ಎಲೆ, ಎಲ್ಲವೂ ಅದರಲ್ಲಿವೆ. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅವನು ಹೇಳುವ ಗ್ಲಾಸ್ಟರ್ ಚೀಸಿನ ಪ್ರಸಂಗ. ಚೀಸ್ ತಿಂದ ಒಬ್ಬರಿಗೆ ವಿಪರೀತ ಹೊಟ್ಟೆನೋವು. ಪರೀಕ್ಷಿಸಿದರೆ ಚೀಸಿನಲ್ಲಿ ಸೀಸ. ಹಾಲು ಹಿಂಡಿ ಚೀಸ್ ಮಾಡಿದ ರೈತ ಹಾಕಿದ್ದು ವಾಡಿಕೆಯಂತೆ ಅನ್ನಾಟೊ ಎಂಬ ಬೀಜದ ಬಣ್ಣ, ಅಷ್ಟೇ. ಆ ಬಣ್ಣ ಮಾರಿದವನು, ಸರಕು ಪೇಲವವಾಗಿದೆ ಎಂದು ಅದಕ್ಕೆ ಇಂಗುಲೀಕದ ಕೆಂಪು ಬೆರೆಸಿದ್ದ. ಇಂಗುಲೀಕ ಮಾರಿದ ಔಷಧಿ ಅಂಗಡಿಯವನು ಅದಕ್ಕೆ ಸೀಸದ ಕೆಂಪು ಬೆರೆಸಿದ್ದ. ಗೋಡೆಗೆ ಬಳಿಯುವ ಬಣ್ಣಕ್ಕೆ ತಾನೆ ಕೊಂಡೊಯ್ಯುವುದು ಎಂದು ಅವನ ಅಂದಾಜು. ಮೂವರಲ್ಲಿ ಯಾರಿಗೂ ಆ ಮನುಷ್ಯನನ್ನು ಕೊಲ್ಲುವ ಮನಸ್ಸಿರಲಿಲ್ಲ. ಇಬ್ಬರು ಮಾತ್ರ, ಕೊಳ್ಳುವವನಿಗೆ ಹೇಳದೆ ಸ್ವಲ್ಪ ಸ್ವಲ್ಪ ಬೆರೆಸಿದ್ದರು.

ಅಕ್ಕುಮ್ ತಪ್ಪಿತಸ್ಥ ವ್ಯಾಪಾರಿಗಳ ಹೆಸರುಗಳನ್ನೂ ಅಚ್ಚು ಹಾಕಿಸಿದ. ಗ್ರಂಥಾಲಯದ ಪುಸ್ತಕಗಳಿಂದ ಹಾಳೆ ಹರಿದ ಆರೋಪ ಹೊತ್ತು ಅವನು ಸ್ವಲ್ಪ ಕಾಲದಲ್ಲೇ ಇಂಗ್ಲೆಂಡ್ ಬಿಡಬೇಕಾಯಿತು. ಕೆಲಸ ನಿಂತೇಹೋಯಿತು ಎನ್ನುವಾಗ, ಮೂವತ್ತು ವರ್ಷದ ಮೇಲೆ, ಅದನ್ನು ಮತ್ತೆ ಎತ್ತಿಕೊಂಡದ್ದು ವೈದ್ಯ ಆರ್ಥರ್ ಹಿಲ್ ಹ್ಯಾಸಲ್. ಅವನ ಕೈಗೆ ಮೊದಲು ಸಿಕ್ಕಿದ್ದು ನಮ್ಮ ಬೀದಿಯ ತುದಿಯ ಅದೇ ಪುಡಿ.

ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿದರೆ ಕಂದು ಬಣ್ಣ, ಕಹಿ ಮಿಶ್ರಿತ ಸಿಹಿ. ನೆಪೋಲಿಯನ್ನನ ಕಾಲದ ಯುದ್ಧದಲ್ಲಿ ಕಾಫಿ ಹಡಗುಗಳು ಬರುವುದು ತಪ್ಪಿದಾಗ ಯೂರೋಪು ಅದನ್ನು ರೂಢಿ ಮಾಡಿಕೊಂಡಿತ್ತು. ಬ್ರಿಟಿಷ್ ಖಜಾನೆ 1840ರಲ್ಲಿ ಕಾಫಿಗೆ ಅದನ್ನು ಬೆರೆಸಲು ಅನುಮತಿ ಕೊಟ್ಟಿತು. ಕಾಫಿ ಬೆಳೆಗಾರರು ಗದ್ದಲ ಎಬ್ಬಿಸಿದಾಗ, ಪುಡಿಯಾದ ಮೇಲೆ ಒಂದರೊಳಗಿನ ಇನ್ನೊಂದನ್ನು ರಸಾಯನಶಾಸ್ತ್ರ ಪತ್ತೆ ಮಾಡಲಾರದು ಎಂದು ಹಣಕಾಸು ಸಚಿವ ಚಾರ್ಲ್ಸ್ ವುಡ್ ಸಂಸತ್ತಿನಲ್ಲಿ ಹೇಳಿದ. ಹ್ಯಾಸಲ್ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಬೀಜದ ಜೀವಕೋಶದ ಹೆಣಿಗೆ ಒಂದು ಥರ, ಬೇರಿನದು ಇನ್ನೊಂದು ಥರ. ಎಷ್ಟು ಹುರಿದರೂ, ಎಷ್ಟು ಬೀಸಿದರೂ ಆ ಹೆಣಿಗೆ ಅಳಿಯುವುದಿಲ್ಲ. ಆಗ ಇನ್ನೊಂದು ಸಂಗತಿಯೂ ಬಯಲಾಯಿತು: ಕಾಫಿಗೆ ಬೆರೆಸಲು ತಂದ ಚಿಕೋರಿಗೇ ಬೇರೆ ಅಗ್ಗದ ಪುಡಿಗಳು ಬೆರೆತಿದ್ದವು. 1851ರಿಂದ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಹ್ಯಾಸಲ್‌ನ ವರದಿಗಳನ್ನು ಸಾಲಾಗಿ ಪ್ರಕಟಿಸಿತು. ಸಂಪಾದಕ ಥಾಮಸ್ ವಾಕ್ಲಿ ಪ್ರತಿ ಮಾದರಿಯ ಜೊತೆ ಅಂಗಡಿಯವನ ಹೆಸರು, ವಿಳಾಸ ಹಾಕಿಸಿದ. ಆ ಧೈರ್ಯದ ಮುಂದೆ ಇಂದಿನ ನಮ್ಮ ಪತ್ರಿಕೆಗಳ ‘ಪ್ರತಿಷ್ಠಿತ ಕಂಪನಿಯೊಂದರ’ ಎಂಬ ಒಕ್ಕಣೆಯನ್ನು ಇಟ್ಟು ನೋಡಬೇಕು.

ಇಷ್ಟಾದರೂ 1858ರ ಅಕ್ಟೋಬರಿನಲ್ಲಿ ಬ್ರಾಡ್‌ಫೋರ್ಡ್ ಊರಿನ ಸಂತೆಯಲ್ಲಿ ಪೆಪ್ಪರ್‌ಮಿಂಟ್ ತಿಂದ ಸುಮಾರು 20 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ನರಳಿದರು. ಸಕ್ಕರೆ ದುಬಾರಿಯೆಂದು ಮಿಠಾಯಿಗೆ ಸುಣ್ಣದಂಥ ಜಿಪ್ಸಮ್ ಪುಡಿ ಬೆರೆಸುವುದು ಅಲ್ಲಿಯ ವಾಡಿಕೆ. ಅಂದು ಔಷಧಿ ಅಂಗಡಿಯ ಸಹಾಯಕ ಅದರ ಬದಲು ಪಕ್ಕದ ಪೀಪಾಯಿಯಿಂದ ಪಾಷಾಣ ತುಂಬಿಕೊಟ್ಟುಬಿಟ್ಟ. ಬಣ್ಣ ಎರಡಕ್ಕೂ ಬಿಳಿ, ಅಂದರೆ ಸಮವರ್ಣ. ಜಿಪ್ಸಮ್ ಬೆರೆಸಹೊರಟದ್ದು ಅಡಲ್ಟರೇಟ್. ಪಾಷಾಣ ಬಿದ್ದದ್ದು ಆಕಸ್ಮಿಕ. ಮೊದಲನೆಯದಿಲ್ಲದಿದ್ದರೆ ಎರಡನೆಯದು ನಡೆಯುತ್ತಲೇ ಇರಲಿಲ್ಲ. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. 1860ರಲ್ಲಿ ಇಂಗ್ಲೆಂಡ್ ಕಲಬೆರಕೆ ವಿರುದ್ಧ ಮೊದಲ ಸಾಮಾನ್ಯ ಕಾಯ್ದೆ ಮಾಡಿತು.

ಅದೇ 1860ರಲ್ಲಿ ಭಾರತಕ್ಕೆ ದಂಡ ಸಂಹಿತೆ ಬಂತು. ಅದರ 272ನೆಯ ಕಲಮು ಆಹಾರ, ಪಾನೀಯಗಳನ್ನು ಅಡಲ್ಟರೇಟ್ ಮಾಡುವುದನ್ನು ಅಪರಾಧ ಎಂದಿತು, ಆದರೆ ‘ಹಾನಿಕರವಾಗುವಂತೆ’ ಎಂಬ ಷರತ್ತು ಹಾಕಿತು. ಹಾಲಿಗೆ ಒಳ್ಳೆಯ ಬಾವಿ ನೀರು ಬೆರೆಸಿದರೆ ಯಾರ ಆರೋಗ್ಯವೂ ಕೆಡದು, ಹಾಗಾಗಿ ಆ ಕಲಮಿಗೆ ಅದು ಸಿಕ್ಕುತ್ತಿರಲಿಲ್ಲ. ಕೂಲಿಯ ದುಡ್ಡಲ್ಲಿ ಮಗುವಿಗೆಂದು ಅರ್ಧ ಲೀಟರ್ ಹಾಲು ಕೊಂಡ ತಾಯಿಗೆ ಆದ ನಷ್ಟ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಈ ಕೊರತೆ ತುಂಬಿತು. ಹಾನಿಯಾಗಲಿ, ಆಗದಿರಲಿ, ನಿಗದಿತ ಗುಣಮಟ್ಟಕ್ಕಿಂತ ಕೆಳಗಿದ್ದರೆ ಕಲಬೆರಕೆಯೇ. ಸರಕಿನಲ್ಲಿ ಏನಿದೆಯೆಂದು ನನಗೆ ತಿಳಿದಿರಲಿಲ್ಲ ಎಂಬ ಸಬೂಬು ಸಾಲದು. ಗ್ಲಾಸ್ಟರ್ ಚೀಸಿನ ಬಣ್ಣದ ವ್ಯಾಪಾರಿಗಳಿಗೆ ಇಲ್ಲಿ ನುಣುಚಿಕೊಳ್ಳಲು ದಾರಿ ಇರುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಾಗ ಕಲಬೆರಕೆ ಎಂಬ ಪದ ಹೆಸರಿನಿಂದ ಜಾರಿತು. ‘ಅಸುರಕ್ಷಿತ’, ‘ಕಳಪೆ’, ‘ತಪ್ಪು ಲೇಬಲ್’ ಎಂಬ ತಣ್ಣನೆಯ ಪದಗಳು ಮುಂದೆ ಬಂದವು. ಅಧಿಕಾರಿಗಳಿಗೆ ಅನುಕೂಲವಾಗಿರಬಹುದು. ಕಿವಿಗೆ ಚುರುಕು ಮುಟ್ಟಿಸುವುದು ಹಳೆಯ ಪದವೇ. ಕಾಫಿ-ಚಿಕೋರಿ ವಿಚಾರದಲ್ಲಿ ಮಾತ್ರ ನಿಯಮ ನಮ್ಮ ಅಂಗಡಿಯ ಯಜಮಾನರ ಪ್ರಶ್ನೆಯನ್ನೇ ಹಿಡಿದಿದೆ: ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಯಾವುದು ಎಷ್ಟೆಂದು ಪೊಟ್ಟಣದ ಮೇಲೆ ಬರೆದಿರಬೇಕು.

ಬರೆದುಬಿಟ್ಟರೆ ಸಾಕೇ ಎಂಬ ಪ್ರಶ್ನೆ ನನ್ನಲ್ಲಿ ಇನ್ನೂ ಉಳಿದಿದೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಅಪರಾಧ. ಅದನ್ನು ಪತ್ತೆ ಹಚ್ಚಲೆಂದೇ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದು. ಸಮವರ್ಣವಾಗದಿರಲಿ ಎಂಬ ಜಾಣ ಉಪಾಯ. ಅದೇ ಪೆಟ್ರೋಲಿಗೆ ಈಗ ಶೇ 20ರಷ್ಟು ಎಥನಾಲ್ ಬೆರೆಸಿ ಬಂಕಿನಲ್ಲಿ ಕೊಡುತ್ತಾರೆ. ಘೋಷಿಸಿ ಮಾಡಿದ ನೀತಿಯಾದ್ದರಿಂದ ಇದಕ್ಕೆ ‘ಬ್ಲೆಂಡ್’ ಎಂಬ ಸೌಮ್ಯ ಕ್ರಿಯಾಪದ. ನ್ಯಾಯವಾಗಿ ಅದು ಸರಿಯಾದ ಪದವೇ, ಅಡಲ್ಟರೇಟ್ ಎನ್ನುವವರು ತಪ್ಪು. ಆದರೆ ಹಳೆಯ ಸ್ಕೂಟರ್ ನಿಲ್ಲಿಸಿಕೊಂಡವನಿಗೆ ಹೇಳಿದ್ದಾರೆಯೇ ಹೊರತು "ಎಷ್ಟು ಹಾಕ್ಲಿ ಸ್ವಾಮಿ?" ಎಂದು ಕೇಳಿಲ್ಲ.

1998ರಲ್ಲಿ ದೆಹಲಿಯಿಂದ ಒಂದು ಸುದ್ದಿ ಬಂತು. ಸಾಸಿವೆ ಎಣ್ಣೆಯಲ್ಲಿ ಅರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸೇರಿ, ಮೈಯೆಲ್ಲ ಬಾತುಕೊಳ್ಳುವ ರೋಗಕ್ಕೆ ಸುಮಾರು 60 ಜನ ಬಲಿಯಾಗಿದ್ದರು, ಮೂರು ಸಾವಿರದಷ್ಟು ಜನ ಆಸ್ಪತ್ರೆ ಸೇರಿದ್ದರು. ನಾನು ‘ಕಲುಷಿತ ಸಾಸಿವೆ ಎಣ್ಣೆ’ ಎಂದು ಅನುವಾದಿಸಿ ಕೊಟ್ಟೆ. ಹಿರಿಯ ಉಪಸಂಪಾದಕರು ಪ್ರತಿಯನ್ನು ಹಿಂತಿರುಗಿಸಿ, "ಬೆರೆತದ್ದೋ, ಬೆರೆಸಿದ್ದೋ? ಅದನ್ನ ನೋಡಿ ಬರೀಪ್ಪ" ಎಂದರು.

ಕನ್ನಡದ ಶಕ್ತಿ ಎಲ್ಲಿದೆಯೆಂದು ನನಗೆ ಅವತ್ತು ಕಂಡಿತು. ಬೆರೆ, ಬೆರೆಸು. ಒಂದು ‘ಸು’ ಸೇರಿದರೆ ಸಾಕು, ಮರೆಯಲ್ಲಿದ್ದ ಕೈ ಹೊರಗೆ ಬರುತ್ತದೆ. ಅರ್ಜಿಮೋನ್ ಸಾಸಿವೆ ಹೊಲದಲ್ಲಿ ಕಳೆಯಾಗಿ ಬೆಳೆಯುತ್ತದೆ, ಬೀಜ ಸಾಸಿವೆಯಂತೆಯೇ ಕಪ್ಪಗೆ ಸಣ್ಣಗಿರುತ್ತದೆ. ಒಕ್ಕಣೆಯಲ್ಲಿ ನಾಲ್ಕು ಕಾಳು ತಾನಾಗಿ ಬೆರೆಯಬಹುದು. ಅಷ್ಟೊಂದು ಜನ ಸಾಯುವಷ್ಟು ಎಣ್ಣೆ ತಾನಾಗಿ ಬೆರೆಯುತ್ತದೆಯೇ? ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ‘ಕಲುಷಿತ’ ಅದನ್ನು ಕೇಳದೆಯೇ ಮುಚ್ಚಿಬಿಟ್ಟಿತ್ತು. ಹಾಗೆ ಬರೆದರೆ ಎಣ್ಣೆ ತಾನೇ ಹಳಸಿಹೋದಂತೆ ಓದುಗನಿಗೆ ಕೇಳುತ್ತದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗಲೂ ‘ವಿಷಕಾರಿ ಗೋಬಿ’ ಎಂಬ ತಲೆಬರಹಗಳು ಬಂದವು. ಪಾಪ, ಹೂಕೋಸು ಏನು ಮಾಡಿತ್ತು? ಬಟ್ಟೆಗೆ ಹಾಕುವ ಬಣ್ಣವನ್ನು ಮಕ್ಕಳ ಮಿಠಾಯಿಗೆ ಬೆರೆಸಿದ್ದು ಒಂದು ಕೈ.

ಕರ್ತೃವನ್ನು ಇಷ್ಟು ಸುಲಭವಾಗಿ ಮರೆಯುವ ನಾವು, ಅಶುದ್ಧಿಯ ಇನ್ನೊಂದು ಕ್ರಿಯಾಪದಕ್ಕೆ ಮಾತ್ರ ಇಲ್ಲದ ಕರ್ತೃವನ್ನು ಹುಟ್ಟಿಸಿಕೊಂಡಿದ್ದೇವೆ. ಅದು ‘ಮೈಲಿಗೆ ಮಾಡು’. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಪುಸ್ತಕದಲ್ಲಿ ಮಡಿ ಮತ್ತು ‘ಪೊಲೆ’, ಅಂದರೆ ಮೈಲಿಗೆ, ಇವೆರಡನ್ನೂ ವಿವರಿಸುತ್ತಾರೆ. ಕೊಡವ ‘ಪೊಲೆ’ ಕನ್ನಡದ ‘ಹೊಲೆ’ಯೇ, ಆ ಪದವನ್ನು ಕೆಲವು ಮನುಷ್ಯರ ಮೇಲೆ ಹೊರಿಸಿದ ಚರಿತ್ರೆ ನಮಗೆಲ್ಲ ಗೊತ್ತಿದೆ. 1927ರ ಮಾರ್ಚ್ 20ರಂದು ದಲಿತರಿಗೆ ನಿಷಿದ್ಧವಾಗಿದ್ದ ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರರು ಬೊಗಸೆ ನೀರು ಕುಡಿದರು. ಅವರು ಏನನ್ನೂ ಬೆರೆಸಲಿಲ್ಲ. ಆಮೇಲೆ ಸೆಗಣಿ, ಗಂಜಲವನ್ನು ಆ ಕೆರೆಗೆ ಸುರಿದು ‘ಶುದ್ಧಿ’ ಮಾಡಿದವರು ಬೇರೆಯವರು. ಕುಡಿಯುವ ನೀರಿಗೆ ಹೊರಗಿನ ವಸ್ತುವನ್ನು ಕೈಯಾರೆ ಸೇರಿಸಿದವರು ಯಾರೆಂದು ಬಲ್ಲ ಯಾವ ಭಾಷೆಯಾದರೂ ಹೇಳಲಿ.

ಮೊನ್ನೆ ಮಗಳು ಅಡುಗೆಮನೆಯಲ್ಲಿ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಸಿಟ್ಟು ನನ್ನನ್ನು ಕರೆದಳು. ಶಾಲೆಯಲ್ಲಿ ಹೇಳಿಕೊಟ್ಟ ಪರೀಕ್ಷೆ. ಒಂದಕ್ಕೆ ಕಾಫಿಪುಡಿ ಉದುರಿಸಿದಳು. ಕಾಫಿ ಮೇಲೆ ತೇಲಿತು; ಚಿಕೋರಿ ಕಂದು ಗೆರೆ ಎಳೆಯುತ್ತ ನಿಧಾನ ತಳಕ್ಕಿಳಿಯಿತು. ಪೊಟ್ಟಣದ ಮೇಲೆ ಬರೆದಿದ್ದರಿಂದ ಅದು ನಮಗೆ ಗೊತ್ತಿದ್ದದ್ದೇ. ಇನ್ನೊಂದಕ್ಕೆ ಕಾಳುಮೆಣಸು. ಇಲ್ಲಿ ಲೆಕ್ಕ ತಿರುವು ಮುರುವು: ಮೆಣಸು ಮುಳುಗಬೇಕು, ಪರಂಗಿ ಬೀಜ ತೇಲಬೇಕು. ಒಂದು ಮುಷ್ಟಿ ಕಾಳು ಟಪಟಪ ತಳ ಸೇರಿತು, ಮೂರು ಕಾಳು ಮಾತ್ರ ಮೇಲೆಯೇ ಉಳಿದವು. "ಅಪ್ಪಾ, ಬೆರೆಸಿದ್ದಾರೆ!" ಎಂದಳು. ಚೆನ್ನಾಗಿ ಬಲಿಯದೆ ಜೊಳ್ಳಾದ ಮೆಣಸೂ ತೇಲುತ್ತದೆ, ತಾಳು ಎಂದೆ. ಮೂರನ್ನೂ ಎತ್ತಿ ಒರೆಸಿ, ಒಂದನ್ನು ಹಲ್ಲಿನಡಿ ಇಟ್ಟು ಕಡಿದೆ. ಖಾರ. ಎರಡನೆಯದನ್ನು ಅವಳು ಕಡಿದಳು, ಕಣ್ಣಲ್ಲಿ ನೀರು ಬಂತು. ಮೂರನೆಯದು ಇನ್ನೂ ಅಡುಗೆಮನೆಯ ಕಿಟಕಿ ಮೇಲೆ, ಬಟ್ಟಲಲ್ಲಿ ಇದೆ.